ಪರದೆಯ ಹಿಂದಿನ ಕೋಣೆ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಕಾನಹೊಸಹಳ್ಳಿಯ ಶಾಲೆಯ ಬಯಲು. ಧ್ವಜದ ಕಟ್ಟೆಯ ಪಕ್ಕದಲ್ಲಿ ಎರಡು ಬಿದಿರಿನ ಗಳು ನೆಟ್ಟು ನಡುವೆ ಬಿಳಿ ಪರದೆ ಕಟ್ಟಿದ್ದರು. ಜನರ ಬಲಕ್ಕಿದ್ದ ಗಳುವಿಗೆ ಬೆನ್ನು ತಾಗಿಸಿ, ಕೈಯಲ್ಲಿ ಮೈಕು ಹಿಡಿದು, ಪರದೆಗಿಂತ ಒಂದು ಹೆಜ್ಜೆ ಮುಂದಕ್ಕೆ ನಾನು ನಿಂತಿದ್ದೆ. ಎಂಬತ್ತೆರಡನೆಯ ಇಸವಿ, ಶಿವರಾತ್ರಿಗೆ ಕೆಲವೇ ದಿನ ಬಾಕಿ. ದೀಪ ಹಚ್ಚುವ ಹೊತ್ತು ಕಳೆದಿತ್ತು, ಊರಿನವರ ಊಟ ಇನ್ನೂ ಆಗಿರಲಿಲ್ಲ. ಕತ್ತಲೆ ಆಗಿತ್ತು, ಆದರೆ ನಿದ್ದೆಯ ಹೊತ್ತಲ್ಲ. ನಾನು ಕುಡಿಯುವವನಲ್ಲ. ಅಂದು ಜ್ವರವೂ ಇರಲಿಲ್ಲ.

ಇಷ್ಟನ್ನು ಏಕೆ ಹೇಳುತ್ತಿದ್ದೇನೆಂದರೆ, ಬೇರೆ ಯಾರಾದರೂ ಇಂಥದ್ದನ್ನು ಹೇಳಿದ್ದರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆಗಳೇ ಇವು. ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದ ಮೇಷ್ಟ್ರು ನಾನು. ಚಿಗಟೇರಿಯ ಹಾದಿಯಲ್ಲಿ ಹುಣಸೆ ಮರಕ್ಕೆ ಬಿಳಿ ಸೀರೆಯವಳು ಜೋತು ಬಿದ್ದಿರುತ್ತಾಳೆಂದು ನಮ್ಮ ಕಡೆಯವರು ಸೈಕಲ್ ಇಳಿದು ನಡೆಯುತ್ತಿದ್ದ ಕಾಲದಲ್ಲಿ, ಆ ಮರ ಹತ್ತಿ ಖಾಲಿ ಸಿಮೆಂಟ್ ಚೀಲವೊಂದನ್ನು ಕಿತ್ತು ತಂದು ಶಾಲೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದವನು. ಮನುಷ್ಯ ಕಂಡದ್ದಕ್ಕೆಲ್ಲ ಕಾರಣ ಇರುತ್ತದೆ, ಹುಡುಕುವ ತಾಳ್ಮೆ ಇರಬೇಕು ಎಂದು ನಂಬಿದ್ದೆ. ಈಗಲೂ ಹಾಗೆಯೇ ನಂಬಬೇಕೆಂದು ಆಸೆ.

ಆ ವಾರ ನಮ್ಮ ಶಾಲೆಯಲ್ಲಿ ಸುತ್ತಲಿನ ಊರುಗಳ ಮೇಷ್ಟ್ರುಗಳಿಗೆ ತರಬೇತಿ ಶಿಬಿರ ಇತ್ತು. ಪಟ್ಟಣದ ಕಾಲೇಜೊಂದರಿಂದ ಮನಃಶಾಸ್ತ್ರದ ಉಪನ್ಯಾಸಕರೊಬ್ಬರು ಬಂದಿದ್ದರು. ಸಣ್ಣ ವಯಸ್ಸು, ಸಭ್ಯ ಮನುಷ್ಯ. ಮಕ್ಕಳ ಮನಸ್ಸು, ಶಿಕ್ಷೆ, ಭಯ ಎಂದು ಬೆಳಗಿನಿಂದ ಪಾಠ ಮಾಡುತ್ತಿದ್ದರು. ಕೊನೆಯ ದಿನ ಒಂದು ಸಿನಿಮಾ ತೋರಿಸುವ ವ್ಯವಸ್ಥೆ ಮಾಡಿಸಿದರು. ಹಳ್ಳಿಹಳ್ಳಿಗೆ ಹೋಗಿ ಕ್ಷಯ, ಮಲೇರಿಯಾ, ಸಣ್ಣ ಕುಟುಂಬದ ಚಿತ್ರ ತೋರಿಸುವ ಸರ್ಕಾರದ ವ್ಯಾನು ಬಂತು. ಅದರ ಜೊತೆಗೆ ಉಪನ್ಯಾಸಕರು ತಮ್ಮ ಡಬ್ಬಿಯಲ್ಲಿ ತಂದಿದ್ದ ಒಂದು ರೀಲು. ಮನುಷ್ಯರ ಮೇಲೆ ಮಾಡಿದ ಒಂದು ಪ್ರಯೋಗದ ಚಿತ್ರ. ಹೊರದೇಶದ್ದು, ಇಂಗ್ಲಿಷಿನಲ್ಲಿತ್ತು.

ಮಧ್ಯಾಹ್ನವೇ ಉಪನ್ಯಾಸಕರು, ವ್ಯಾನಿನ ಆಪರೇಟರ್ ವೀರಣ್ಣ, ನಾನು ಮೂವರೇ ಒಂದು ಕೋಣೆಯ ಕಿಟಕಿಗೆ ಜಮಖಾನ ಕಟ್ಟಿ ಆ ಚಿತ್ರವನ್ನು ಮೊದಲಿಂದ ಕೊನೆಯವರೆಗೆ ನೋಡಿದೆವು. ಸಂಜೆ ಕನ್ನಡದಲ್ಲಿ ಹೇಳಬೇಕಾದವನು ನಾನಾದ್ದರಿಂದ ಗಮನವಿಟ್ಟು ನೋಡಿದೆ. ಅದರಲ್ಲಿ ಏನಿತ್ತು, ಏನಿರಲಿಲ್ಲ ಎಂಬುದು ನನಗೆ ಗೊತ್ತು.

ಚಿತ್ರ ಹೀಗಿತ್ತು. ಒಂದು ಬರಿಯ ಕೋಣೆ. ಗೋಡೆಯ ಮೇಲೆ ದಪ್ಪಗೆ ಇಂಗ್ಲಿಷಿನ ಆರು ಎಂಬ ಅಂಕಿ. ನಡುವೆ ಒಂದು ಕಬ್ಬಿಣದ ಗಾಲಿ, ಅದಕ್ಕೊಂದು ಹಿಡಿಕೆ. ಒಬ್ಬನನ್ನು ಒಳಗೆ ಕರೆದು ಹೇಳುತ್ತಾರೆ: "ಪಕ್ಕದ ಕೋಣೆಯಲ್ಲಿ ಕತ್ತಲೆಗೆ ಬಹಳ ಹೆದರುವ ಒಬ್ಬ ಮನುಷ್ಯ ಇದ್ದಾನೆ. ನೀನು ಈ ಗಾಲಿ ತಿರುಗಿಸುತ್ತಿರುವಷ್ಟು ಹೊತ್ತು ಅವನ ಕೋಣೆಯಲ್ಲಿ ದೀಪ ಉರಿಯುತ್ತದೆ. ಬಿಟ್ಟರೆ ಆರುತ್ತದೆ. ನಿನಗೆ ಬೇಕಾದಾಗ ಬಿಟ್ಟು ಹೋಗಬಹುದು, ಯಾರೂ ಏನೂ ಅನ್ನುವುದಿಲ್ಲ." ಅಷ್ಟೇ. ಕಣ್ಣಿಗೆ ಕಾಣದ ಒಬ್ಬನಿಗಾಗಿ ಮನುಷ್ಯ ಎಷ್ಟು ಹೊತ್ತು ದುಡಿಯುತ್ತಾನೆ ಎಂದು ನೋಡುವುದು. ಒಬ್ಬ ವಿದ್ಯಾರ್ಥಿ ಬರುತ್ತಾನೆ, ಒಬ್ಬಳು ಹೆಂಗಸು, ಒಬ್ಬ ಮುದುಕ. ತಿರುಗಿಸುತ್ತಾರೆ, ಬೆವರುತ್ತಾರೆ, ಬಿಡುತ್ತಾರೆ. ಕೊನೆಗೆ ಬನಿಯನ್ ತೊಟ್ಟ ದಪ್ಪ ಮೀಸೆಯ ಒಬ್ಬ ಕೂಲಿಕಾರ. ಅವನು ಎಲ್ಲರಿಗಿಂತ ಹೆಚ್ಚು ಹೊತ್ತು ತಿರುಗಿಸುತ್ತಾನೆ, ಅಳುತ್ತ ತಿರುಗಿಸುತ್ತಾನೆ, ಆಮೇಲೆ ಅವನೂ ಬಿಡುತ್ತಾನೆ. ಆಗ ಹೇಳುತ್ತಾರೆ: ಪಕ್ಕದ ಕೋಣೆಯಲ್ಲಿ ಯಾರೂ ಇರಲಿಲ್ಲ. ಬಾಗಿಲು ತೆಗೆದು ತೋರಿಸುತ್ತಾರೆ, ಖಾಲಿ ನೆಲ. ಆ ಕೊನೆಯ ಗಳಿಗೆಯವರೆಗೆ ಪಕ್ಕದ ಕೋಣೆಯನ್ನು ಚಿತ್ರದಲ್ಲಿ ಒಮ್ಮೆಯೂ ತೋರಿಸುವುದಿಲ್ಲ.

ಇನ್ನು ಪರದೆಯ ವಿಚಾರ. ನಮ್ಮ ಕಡೆ ವ್ಯಾನಿನ ಸಿನಿಮಾ ಬಂದರೆ ಗಂಡಸರು ಪರದೆಯ ಮುಂದೆ ಕೂರುತ್ತಿದ್ದರು, ಹೆಂಗಸರು ಹಿಂದೆ. ಬೀಡಿ ಹೊಗೆಯಿಲ್ಲ, ಪಡ್ಡೆ ಹುಡುಗರ ಕಾಟವಿಲ್ಲ, ಕಾಲು ಚಾಚಿ ಕೂರಬಹುದು. ಪರದೆಗೆ ನೀರು ಚಿಮುಕಿಸಿದರೆ ಚಿತ್ರ ಹಿಂದಕ್ಕೂ ಸ್ವಚ್ಛವಾಗಿ ಮೂಡುತ್ತಿತ್ತು. ಬಲ ಎಡವಾಗುವುದೊಂದೇ ವ್ಯತ್ಯಾಸ, ಅದು ಅವರಿಗೆ ರೂಢಿಯಾಗಿತ್ತು. ವೀರಣ್ಣ ಅಂದು ತಂಬಿಗೆ ಹಿಡಿದು ನೀರು ಚಿಮುಕಿಸುವಾಗ ಹಿಂದಿನಿಂದ ಖಾದರ್‌ಬಿಯ ಧ್ವನಿ ಕೇಳಿತು. "ಏ ವೀರಣ್ಣ, ಹ್ವಾದ ಸಲ ನಮ್ಮ ಕಡಿ ಎಲ್ಲಾರೂ ಎಡಗೈಲೆ ಉಂಡ್ರು. ಈ ಸಲರ ಕೈ ತೊಳದು ಬಲಗೈಲೆ ಉಣ್ಣಾಕ ಹೇಳು."

"ಮುಂದ ಬಂದು ಕುಂದ್ರು ಬೀಬಿ, ಬಲಗೈಲೆ ಉಣ್ತಾರ."

"ಮುಂದ ಬಂದ್ರ ನಿನ್ನ ಮಾರಿ ನೋಡಬೇಕಾಕ್ಕತಿ, ಬ್ಯಾಡಪ್ಪ."

ಹೆಂಗಸರೆಲ್ಲ ನಕ್ಕರು. ಖಾದರ್‌ಬಿ ಬೀಡಿ ಕಟ್ಟುತ್ತಿದ್ದವಳು, ಬಾಯಿ ಜೋರು. ಅವಳ ಮಗ್ಗುಲಲ್ಲಿ ಶಾಲೆಯ ಮಕ್ಕಳಿಗೆ ಉಪ್ಪಿಟ್ಟು ಮಾಡುತ್ತಿದ್ದ ಗೌರಮ್ಮ, ಅವಳ ಮಗ್ಗುಲಲ್ಲಿ ಹೊನ್ನಮ್ಮ.

ಹೊನ್ನಮ್ಮನ ವಿಷಯ ಹೇಳದೆ ಮುಂದಿನದು ತಿಳಿಯುವುದಿಲ್ಲ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹೆದ್ದಾರಿಯ ಬದಿಯಲ್ಲಿ, ಬಸ್ಸು ನಿಲ್ಲುವಲ್ಲಿ, ಮಂಡಕ್ಕಿ ಮಿರ್ಚಿ ಮಾಡಿ ಮಾರುತ್ತಿದ್ದಳು. ಅವಳಿಗೆ ಇದ್ದವನು ಒಬ್ಬ ತಮ್ಮ, ಕೊಟ್ರೇಶಿ. ತಾಯಿ ಬೇಗ ಹೋದದ್ದರಿಂದ ಅವಳೇ ಎತ್ತಿ ಬೆಳೆಸಿದ್ದಳು. ಹುಡುಗನಾಗಿದ್ದಾಗ ನಾಯಿ ಕಚ್ಚಿ ಅವನ ಬಲಗಿವಿಯ ಕೆಳಭಾಗ ಹರಿದುಹೋಗಿತ್ತು. ಅಂದಿನಿಂದ ಅವನಿಗೆ ಕತ್ತಲೆಯೆಂದರೆ ಭಯ. ದೊಡ್ಡವನಾದ ಮೇಲೂ ಚಿಮಣಿ ಆರಿದರೆ ಎದ್ದು ಕುಕ್ಕರಗಾಲಲ್ಲಿ ಕೂತು, ಉಳಿದ ಎಡಗಿವಿಯನ್ನು ಎಡಗೈಯಲ್ಲಿ ಮುಚ್ಚಿ ಹಿಡಿದುಕೊಂಡು ಅಕ್ಕನನ್ನು ಕರೆಯುತ್ತಿದ್ದ. ಇಪ್ಪತ್ತು ದಾಟಿದ ಮೇಲೆ ಅವನ ಮನಸ್ಸು ಪೂರ್ತಿ ಕೆಟ್ಟಿತು. ಹೊನ್ನಮ್ಮ ಅವನನ್ನು ದೂರದ ಒಂದು ಪಟ್ಟಣದ ಆಸ್ಪತ್ರೆಗೆ ಸೇರಿಸಿ ಬಂದಳು. ಬರುವಾಗ ಅಲ್ಲಿದ್ದವರಿಗೆ, "ಅವಗ ದೀಪ ಆರಿಸಬ್ಯಾಡ್ರಿ" ಎಂದು ಹೇಳಿ ಬಂದಿದ್ದಳಂತೆ. ಮತ್ತೆ ನೋಡಲು ಹೋದಾಗ, ಅವನು ಯಾರಿಗೂ ಹೇಳದೆ ಹೊರಟುಹೋಗಿದ್ದಾನೆ ಎಂದರು. ಅದು ಎಪ್ಪತ್ತರ ದಶಕದ ನಡುವಿನ ಮಾತು. ಅಂದಿನಿಂದ ಅವಳು ಬಸ್ಸಿಳಿದವರಿಗೆಲ್ಲ ಮಿರ್ಚಿ ಕೊಡುತ್ತ, "ಬಲಗಿವಿ ಹರದಾವ ಒಬ್ಬನ್ನ ಎಲ್ಲೆರ ನೋಡಿರೇನ್ರಿ?" ಎಂದು ಕೇಳುತ್ತಿದ್ದಳು. ಬದುಕಿದ್ದಾನೆಂದು ತಿಳಿಯಬೇಕು, ಇಲ್ಲವೆಂದಾದರೂ ತಿಳಿಯಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಮಲೇರಿಯಾದ ಚಿತ್ರ ಮುಗಿಯಿತು. ಉಪನ್ಯಾಸಕರ ರೀಲು ಶುರುವಾಯಿತು. ಅದು ಮೇಷ್ಟ್ರುಗಳಿಗೆ ಮಾತ್ರ ಎಂದು ಹೇಳಿದರೂ ಯಾರೂ ಏಳಲಿಲ್ಲ. ವೀರಣ್ಣ ಇಂಗ್ಲಿಷ್ ಧ್ವನಿ ತಗ್ಗಿಸಿದ. ನಾನು ಮೈಕಿನಲ್ಲಿ ಹೇಳತೊಡಗಿದೆ. ಕೋಣೆ, ಗಾಲಿ, ಹಿಡಿಕೆ. "ಪಕ್ಕದ ಕೋಣೆಯಲ್ಲಿ ಕತ್ತಲೆಗೆ ಹೆದರುವ ಒಬ್ಬ ಮನುಷ್ಯ ಇದ್ದಾನೆ" ಎಂದೆ.

ಹಿಂದಿನಿಂದ ಹೊನ್ನಮ್ಮ ತಟ್ಟನೆ, "ಹೌದು, ಅದಾನ" ಎಂದಳು.

ಅವಳು ಸಿನಿಮಾಕ್ಕೆ ಮಾರುತ್ತರ ಕೊಡುತ್ತಿದ್ದಾಳೆ ಎಂದುಕೊಂಡೆ. ನಮ್ಮ ಹೆಂಗಸರು ಕೊಡುತ್ತಾರೆ. ವಿದ್ಯಾರ್ಥಿ ತಿರುಗಿಸಿದ, ಹೆಂಗಸು ತಿರುಗಿಸಿದಳು. ಮುಂದಿದ್ದ ಗಂಡಸರು, "ಏ ತಿರುವಲೇ, ಉಂಡಿಲ್ಲೇನು" ಎಂದು ನಗುತ್ತಿದ್ದರು. ಆದರೆ ಹಿಂದೆ ಗದ್ದಲ ಪೂರ್ತಿ ನಿಂತುಹೋಗಿತ್ತು. ಮಕ್ಕಳನ್ನು ಎತ್ತಿಕೊಂಡು ಬಂದಿದ್ದ ಅಷ್ಟು ಹೆಂಗಸರಲ್ಲಿ ಒಂದು ಕೆಮ್ಮಿಲ್ಲ. ಮೀಸೆಯ ಕೂಲಿಕಾರ ಬಂದು ಹಿಡಿಕೆ ಹಿಡಿದಾಗ ಖಾದರ್‌ಬಿ ಸಣ್ಣ ದನಿಯಲ್ಲಿ, "ಮಾಸ್ತರ, ಇಲ್ಲಿ ಬರ್ರಿ" ಎಂದಳು. ಯಾವಾಗಲೂ ಕೂಗಿ ಮಾತಾಡುವ ಆ ಹೆಂಗಸಿನ ಬಾಯಲ್ಲಿ ಆ ದನಿ ಕೇಳಿ ನಾನು ಮೈಕನ್ನು ಕಟ್ಟೆಯ ಮೇಲಿಟ್ಟು ಗಳುವಿನ ಆಚೆ ಸರಿದೆ.

ನಾನು ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ.

ಪರದೆಯ ಆ ಮೈಮೇಲೆ ಗಾಲಿ ಇರಲಿಲ್ಲ, ಮೀಸೆಯವನಿರಲಿಲ್ಲ. ಬೇರೆ ಕೋಣೆಯಿತ್ತು. ಸುಣ್ಣದ ಗೋಡೆ. ಮೇಲಿನಿಂದ ಇಳಿಬಿದ್ದ ಒಂದು ಬಲ್ಬು, ಅದರ ಬೆಳಕು ಒಂದೇ ಸಮನಾಗಿರದೆ ಯಾರೋ ತುಳಿಯುವ ಸೈಕಲ್ಲಿನ ದೀಪದಂತೆ ಏರಿ ಇಳಿಯುತ್ತಿತ್ತು. ಕುರ್ಚಿಯ ಮೇಲೆ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂತಿದ್ದ. ತಲೆ ಬೋಳಿಸಿತ್ತು. ಎಡಗೈಯಿಂದ ಎಡಗಿವಿ ಮುಚ್ಚಿಕೊಂಡಿದ್ದ. ಬಲಗಿವಿಯ ಕೆಳಗೆ ಇರಬೇಕಾದ ಮಾಂಸ ಇರಲಿಲ್ಲ. ಅವನು ಮೇಲೆ ಬಲ್ಬಿನ ಕಡೆ ನೋಡುತ್ತಿದ್ದ. ನಾನು ಕೊಟ್ರೇಶಿಯನ್ನು ಬದುಕಿನಲ್ಲಿ ಎಂದೂ ನೋಡಿದವನಲ್ಲ, ಆದ್ದರಿಂದ ಅವನೇ ಎಂದು ನಾನು ಹೇಳಲಾರೆ. ಹೊನ್ನಮ್ಮ ಎದ್ದು ನಿಂತು ಸೆರಗನ್ನು ಎರಡೂ ಕೈಯಲ್ಲಿ ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡಿದ್ದಳು. ಗೌರಮ್ಮ ಅವಳ ಸೊಂಟ ಹಿಡಿದುಕೊಂಡಿದ್ದಳು.

ನಾನು ತಲೆಯನ್ನಷ್ಟೇ ಗಳುವಿನ ಈಚೆ ಚಾಚಿ ಮುಂದುಗಡೆ ನೋಡಿದೆ. ಕೂಲಿಕಾರ ತಿರುಗಿಸುತ್ತಿದ್ದ. ಮತ್ತೆ ಹಿಂದೆ ನೋಡಿದೆ. ಆ ಮನುಷ್ಯ ಕೂತಿದ್ದ. ಒಂದೇ ಬಟ್ಟೆ. ನೀರಿನಿಂದ ತೊಯ್ದು ಕೆಳಗೆ ಇನ್ನೂ ತೊಟ್ಟಿಕ್ಕುತ್ತಿದ್ದ ಬಟ್ಟೆ. ಕೂಲಿಕಾರನ ಕೈ ನಿಧಾನವಾದಾಗ ಈ ಕಡೆಯ ಬಲ್ಬು ಕೆಂಪಾಗುತ್ತಿತ್ತು. ಅವನು ಜೋರು ಮಾಡಿದರೆ ಬೆಳ್ಳಗಾಗುತ್ತಿತ್ತು. ನಾನು ಎರಡೂ ಕಡೆ ನೋಡಿ ಹೊಂದಿಸಿದೆ. ಹೊಂದುತ್ತಿತ್ತು.

ಆಗ ಅಲ್ಲಿ ಕೂತಿದ್ದವನು ಬಲ್ಬಿನಿಂದ ಕಣ್ಣು ತೆಗೆದು ಹೆಂಗಸರು ಕೂತಿದ್ದ ಕಡೆ ನೋಡಿದ. ಬಾಯಿ ಆಡಿತು. ಎರಡಕ್ಷರದ ಮಾತು. ಸದ್ದು ಬರಲಿಲ್ಲ. ಅದೇ ಹೊತ್ತಿಗೆ ಮುಂದಿದ್ದ ಗಂಡಸರು, "ಬಿಟ್ಟಾ, ಬಿಟ್ಟಾ!" ಎಂದು ಕೂಗಿದರು. ಹಿಂದಿನ ಪರದೆ ಕಪ್ಪಾಯಿತು.

ಹೊನ್ನಮ್ಮ ಗೌರಮ್ಮನ ಕೈ ಕೊಡವಿ ಪರದೆಯ ಮುಂದಕ್ಕೆ ಓಡಿದಳು. ಗಂಡಸರ ನಡುವೆ ನಿಂತು, ಹಿಡಿಕೆ ಬಿಟ್ಟು ಮುಖ ಮುಚ್ಚಿಕೊಂಡಿದ್ದ ಆ ಹೊರದೇಶದ ಕೂಲಿಕಾರನಿಗೆ ಕೈಯೆತ್ತಿ ಕೂಗಿದಳು. "ಯಪ್ಪಾ, ತಿರುವೋ! ನಿನ್ನ ಕಾಲು ಬೀಳ್ತೀನಿ, ಬಿಡಬ್ಯಾಡೋ! ಕತ್ಲಾಗ ಕುಂತಾನ ಅವ! ಇನ್ನೊಂದೀಟು ತಿರುವೋ ನಮ್ಮಪ್ಪಾ!"

ಕೆಲವರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ವ್ಯಾನಿನಿಂದ ಬರುತ್ತಿದ್ದ ಬೆಳಕು ಅವಳ ಮೈಮೇಲೆ ಬಿದ್ದು, ಆ ಕೂಲಿಕಾರನ ಮುಖ ಅವಳ ಬೆನ್ನಿನ ಮೇಲೂ ಅರ್ಧ ಕಾಣುತ್ತಿತ್ತು. ನಾನು ಹೇಳಬೇಕಿದ್ದ ಕೊನೆಯ ಮಾತು ಒಂದೇ ಉಳಿದಿತ್ತು. ನನ್ನಿಂದ ಆಗಲಿಲ್ಲ. ಉಪನ್ಯಾಸಕರು ಬಂದು ಮೈಕು ತೆಗೆದುಕೊಂಡು, ನನಗೇನೋ ಆಗಿದೆಯೆಂದು ಭಾವಿಸಿ, ತಾವೇ ಹೇಳಿ ಮುಗಿಸಿದರು. "ಪಕ್ಕದ ಕೋಣೆಯಲ್ಲಿ ಯಾರೂ ಇರಲಿಲ್ಲ." ಬಾಗಿಲು ತೆರೆಯಿತು. ಖಾಲಿ ನೆಲ ಕಂಡಿತು.

ಹೊನ್ನಮ್ಮ ವ್ಯಾನಿನ ಬಳಿ ಹೋಗಿ ವೀರಣ್ಣನ ಕೈ ಹಿಡಿದಳು. ಅವನು, "ನಾ ಬರೇ ಬಿಡಾಂವ ತಾಯಿ, ಒಳಗ ಏನೈತಿ ನನಗೇನು ಗೊತ್ತು?" ಎಂದು ಹೇಳಿದನಾದರೂ ಮತ್ತೊಮ್ಮೆ ರೀಲು ಸುತ್ತಿ ಬಿಟ್ಟ. ಈ ಸಲ ಉಪನ್ಯಾಸಕರೂ ನಾನೂ ಹೆಂಗಸರ ನಡುವೆಯೇ ಕೂತೆವು. ಗಾಲಿ ಇತ್ತು, ವಿದ್ಯಾರ್ಥಿ, ಹೆಂಗಸು, ಮುದುಕ, ಕೂಲಿಕಾರ ಎಲ್ಲ ಇದ್ದರು, ಮುಂದೆ ಕಂಡಂತೆಯೇ, ಬಲ ಎಡವಾಗಿ. ಗೋಡೆಯ ಮೇಲಿನ ಆರು ತಿರುವುಮುರುವಾಗಿ ಕಾಣುತ್ತಿತ್ತು. ಬೇರೆ ಏನೂ ಕಾಣಲಿಲ್ಲ.

ಉಪನ್ಯಾಸಕರು ಕರುಣೆಯಿಂದಲೇ ಮಾತಾಡಿದರು. ಕತ್ತಲು, ಗುಂಪು, ನಾನು ಮೈಕಿನಲ್ಲಿ ಹೇಳಿದ ಮಾತು, ಹೊನ್ನಮ್ಮನ ದುಃಖ, ಎಲ್ಲ ಸೇರಿ ಹೀಗೆ ಕಂಡಿರಬಹುದು, ಒಬ್ಬರು ಕಂಡೆವೆಂದರೆ ಪಕ್ಕದವರಿಗೂ ಕಾಣುತ್ತದೆ ಎಂದರು. ಯೋಚನೆ ಮಾಡಿ ಇನ್ನೊಂದು ಮಾತು ಸೇರಿಸಿದರು. "ಅಮ್ಮಾ, ಒಬ್ಬ ಮನುಷ್ಯ ಇದ್ದ ಅಂತಲೇ ಇಟ್ಕೊಳ್ಳಿ. ಹಿಂದೆ ಕೂತವರಿಗೆ ಬಲ ಎಡವಾಗಿ ಕಾಣುತ್ತೆ. ನಿಮಗೆ ಬಲಗಿವಿ ಹರಿದಂತೆ ಕಂಡಿದ್ದರೆ ನಿಜವಾಗಿ ಅವನ ಎಡಗಿವಿ ಹರಿದಿರಬೇಕು. ಆಗ ಅವನು ನಿಮ್ಮ ತಮ್ಮ ಅಲ್ಲ."

ಅದು ಸರಿಯಾದ ಮಾತು. ಹೊನ್ನಮ್ಮ ತನ್ನ ಎರಡೂ ಕಿವಿ ಮುಟ್ಟಿ ನೋಡಿಕೊಂಡಳು. ನೆಲಕ್ಕೆ ಕೂತಳು. ನನಗೂ ಆ ಮಾತಿನಿಂದ ಒಂದು ನೆಮ್ಮದಿಯಾಯಿತು. ಮನೆಗೆ ಹೋಗಿ ಉಂಡು ಮಲಗಿದೆ.

ಶಿಬಿರ ಮುಗಿದು ಶಾಲೆ ಮತ್ತೆ ಶುರುವಾದ ದಿನ ಒಂದನೆಯ ತರಗತಿಯ ಹುಡುಗಿಯೊಬ್ಬಳು ಸ್ಲೇಟು ತಂದು ತೋರಿಸಿದಳು. ಇಂಗ್ಲಿಷಿನ ಏಳನ್ನು ತಿರುವುಮುರುವಾಗಿ ಬರೆದಿದ್ದಳು. ಚಿಕ್ಕ ಮಕ್ಕಳು ಹಾಗೆ ಬರೆಯುತ್ತಾರೆ, ಅದನ್ನು ಅಳಿಸಿ ತಿದ್ದುವುದು ನನ್ನ ದಿನನಿತ್ಯದ ಕೆಲಸ. ತಿದ್ದಲು ಬಳಪ ಎತ್ತಿದವನ ಕೈ ಹಾಗೇ ನಿಂತಿತು. ಪರದೆಯ ಹಿಂದೆ ನಾನು ಕಂಡ ಆ ಸುಣ್ಣದ ಗೋಡೆಯ ಮೇಲೂ ಒಂದು ಅಂಕಿಯಿತ್ತು. ಏಳು. ಅದು ನೆಟ್ಟಗೆ ಇತ್ತು. ನನ್ನ ಕಣ್ಣು ತಿರುವುಮುರುವಾದ ಅಂಕಿಯನ್ನು ಕಂಡರೆ ಸುಮ್ಮನಿರುವುದಿಲ್ಲ. ಅಂದು ಅದು ಸುಮ್ಮನಿತ್ತು. ಹಿಂದಿನಿಂದ ನೋಡಿದ ಚಿತ್ರವಾಗಿದ್ದರೆ ಏಳು ಹಾಗೆ ಕಾಣಬಾರದು. ಅದು ಮುಂದಿನವರಿಗಾಗಿ ಬಿಟ್ಟ ಚಿತ್ರದ ಬೆನ್ನಾಗಿರಲಿಲ್ಲ. ನಮ್ಮ ಕಡೆಗೇ ಮುಖ ಮಾಡಿ ಇತ್ತು. ಹರಿದದ್ದು ಬಲಗಿವಿಯೇ.

ಹೇಳಬೇಕೋ ಬೇಡವೋ ಎಂದು ಸಂಜೆಯವರೆಗೆ ಒದ್ದಾಡಿ ಕೊನೆಗೆ ಹೋಗಿ ಹೊನ್ನಮ್ಮನಿಗೆ ಹೇಳಿದೆ. ಅವಳು ಎಣ್ಣೆಯ ಬಾಣಲೆಯನ್ನು ಒಲೆಯಿಂದ ಇಳಿಸಿ ಕೇಳಿಸಿಕೊಂಡಳು.

"ನನಗ ಅಂಕಿ ಬರಂಗಿಲ್ರಿ ಮಾಸ್ತರ. ಏಳು ಅಂದ್ರ ಆರರ ಮಗ್ಗಲದ್ದು ಹೌದಲ್ರಿ?"

"ಹೌದು."

"ಹಂಗಾದ್ರ ಬಾಜೂಕ ಅದಾನ" ಎಂದಳು.

ಬೇಸಿಗೆಯ ರಜೆಯಲ್ಲಿ ಅವಳನ್ನೂ ಖಾದರ್‌ಬಿಯನ್ನೂ ಕರೆದುಕೊಂಡು ಆ ಪಟ್ಟಣದ ಆಸ್ಪತ್ರೆಗೆ ಹೋದೆ. ಅಲ್ಲಿಯವರು ಕೆಟ್ಟವರಾಗಿರಲಿಲ್ಲ. ಹಳೆಯ ಮಾತು, ಹೋದವನು ಹೋದ, ನಮಗೂ ಗೊತ್ತಿಲ್ಲ ಎಂದರು. ಚಿತ್ರದ ವಿಷಯ ನಾನು ಎತ್ತಲಿಲ್ಲ. ಹೇಗೆ ಎತ್ತಲಿ? ಅದು ಸಮುದ್ರದಾಚೆ ತೆಗೆದ ಚಿತ್ರ. ಏಳನೆಯ ನಂಬರಿನ ಕೋಣೆ ಇದೆಯೇ ಎಂದಷ್ಟೇ ಕೇಳಿದೆ. ಇತ್ತು. ಒಳಗೆ ಹರಿದ ಹಾಸಿಗೆಗಳನ್ನು ಒಟ್ಟಿದ್ದರು. ಕುರ್ಚಿ ಇರಲಿಲ್ಲ. ಅಂಕಿ ಬಾಗಿಲಿನ ಮೇಲಿತ್ತು, ಗೋಡೆಯ ಮೇಲಲ್ಲ. ಮಾಡಿನಿಂದ ಒಂದು ವೈರು ಇಳಿಬಿದ್ದಿತ್ತು, ಬಲ್ಬು ಇರಲಿಲ್ಲ. ಹೊನ್ನಮ್ಮ ಹೊರಗೆ ಹೋಗಿ ಎದುರಿನ ಅಂಗಡಿಯಲ್ಲಿ ಒಂದು ಬಲ್ಬು ಕೊಂಡು ತಂದು ಕಾವಲುಗಾರನ ಕೈಗೆ ಕೊಟ್ಟಳು. "ಹಾಕ್ರಿ ಯಪ್ಪಾ, ಆರಿಸಬ್ಯಾಡ್ರಿ" ಎಂದಳು. ಅವನು ಇಸಿದುಕೊಂಡ. ಹಾಕಿದನೋ ಇಲ್ಲವೋ ಗೊತ್ತಿಲ್ಲ. ನಮ್ಮ ಬಸ್ಸಿನ ಹೊತ್ತಾಗಿತ್ತು.

ಅದಾದ ಮೇಲೆ ಅವಳು ಬಸ್ಸಿನವರನ್ನು ಕೇಳುವುದು ಬಿಟ್ಟಳು. ವ್ಯಾನು ಬಂದಾಗಲೆಲ್ಲ ಪರದೆಯ ಹಿಂದೆ ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತಿದ್ದಳು. ಏನೂ ಕಾಣುತ್ತಿರಲಿಲ್ಲ. ಇನ್ನೊಂದು ಕೆಲಸವನ್ನು ಅವಳು ಯಾರಿಗೂ ಹೇಳದೆ ಶುರುಮಾಡಿದ್ದಳು. ಅದು ನನಗೆ ಮಳೆಗಾಲದಲ್ಲಿ ಗೊತ್ತಾಯಿತು.

ದೀಪ ಹಚ್ಚುವ ಹೊತ್ತಿನಲ್ಲಿ ಅವಳ ಮನೆಯ ಮುಂದೆ ಹಾದುಹೋಗುವಾಗ ಒಳಗಿಂದ ಬೀಸುಕಲ್ಲಿನ ಸದ್ದು ಬರುತ್ತಿತ್ತು. ಜೋಳ ಬೀಸುವ ಸದ್ದಲ್ಲ. ಕಲ್ಲಿಗೆ ಕಲ್ಲು ಉಜ್ಜುವ ಒಣ ಸದ್ದು. ಆಗ ಊರಿಗೆ ಹಿಟ್ಟಿನ ಗಿರಣಿ ಬಂದು ವರ್ಷಗಳಾಗಿದ್ದವು. ಇಣುಕಿ ನೋಡಿದರೆ ಹೊನ್ನಮ್ಮ ಕಾಲು ಚಾಚಿ ಕೂತು ಗೂಟ ಹಿಡಿದು ಬರಿಗಲ್ಲು ತಿರುವುತ್ತಿದ್ದಳು. ನಮ್ಮಲ್ಲಿ ಬರಿಗಲ್ಲು ತಿರುವಬಾರದು, ಮನೆಗೆ ಕೇಡು ಎನ್ನುತ್ತಾರೆ. ಮಕ್ಕಳು ಆಟಕ್ಕೆ ತಿರುವಿದರೂ ಬೆನ್ನಿಗೆ ಗುದ್ದು ಬೀಳುತ್ತದೆ. ಅವಳಿಗೆ ಅದು ಗೊತ್ತಿಲ್ಲದ್ದಲ್ಲ.

ನನ್ನನ್ನು ಕಂಡು ನಿಲ್ಲಿಸಲಿಲ್ಲ. "ಮನಿಗೆ ಕೇಡಾಗಾಕ ಮನ್ಯಾಗ ಯಾರದಾರ್ರಿ?" ಎಂದಳು. ತಿರುವುತ್ತಲೇ ಹೇಳಿದಳು. "ಆ ಮೀಸಿ ಅಪ್ಪ ಪರರವ, ಅವಗೇನು ದರ್ದು? ಬಿಟ್ಟ. ನಾ ಒಡಹುಟ್ಟಿದಾಕಿ, ನಾ ಬಿಟ್ರ ಹೆಂಗ್ರಿ?"

ನನ್ನ ಪಾಠ, ಉಪನ್ಯಾಸಕರ ಪಾಠ ಎಲ್ಲ ನನ್ನ ಬಾಯಿಯವರೆಗೆ ಬಂತು. ಆದರೆ ಅವಳ ಅಂಗೈಗೆ ಬಟ್ಟೆ ಸುತ್ತಿತ್ತು. "ಮಾಸ್ತರ, ಮುಂಜಾನಿಂದ ಹೊಟ್ಟಿಗಿಲ್ಲ. ಒಂದೀಟು ಹಿಡೀರಿ, ಒಂದು ರೊಟ್ಟಿ ಮುರಕಂಡು ಬರ್ತೀನಿ" ಎಂದಳು.

ನಾನು ಕೂತು ಗೂಟ ಹಿಡಿದೆ.

ಅಲ್ಲಿ ಯಾರೂ ಇಲ್ಲವೆಂದು ನನಗೆ ಗೊತ್ತಿತ್ತು. ಈ ಕಲ್ಲಿಗೂ ಯಾವ ದೀಪಕ್ಕೂ ಸಂಬಂಧವಿಲ್ಲವೆಂದೂ ಗೊತ್ತಿತ್ತು. ತಿರುವಿದೆ. ತೋಳು ನೋಯತೊಡಗಿತು, ಬಲಗೈಯಿಂದ ಎಡಗೈಗೆ ಬದಲಿಸಿದೆ. ಬದಲಿಸುವಾಗ ಕಲ್ಲು ನಿಲ್ಲದಂತೆ ನೋಡಿಕೊಂಡೆ. ಹೊನ್ನಮ್ಮ ಬರಲಿಲ್ಲ. ಕರೆದೆ. ಓಗೊಡಲಿಲ್ಲ. ಬಾಗಿ ನೋಡಿದರೆ ಒಲೆಯ ಮುಂದೆ, ಕೈಯಲ್ಲಿ ರೊಟ್ಟಿಯ ತುಂಡು ಹಿಡಿದು, ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಎಷ್ಟು ದಿನದ ನಿದ್ದೆಯೋ. ಎದ್ದು ಮನೆಗೆ ಹೋಗಬಹುದಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ನನ್ನ ಕೈ ಗೂಟ ಬಿಡಲಿಲ್ಲ.

ಖಾದರ್‌ಬಿ ಬಂದಳು. ಬಾಗಿಲಲ್ಲಿ ನಿಂತು ನೋಡಿ, "ಏನ್ರಿ ಮಾಸ್ತರ, ನೀವೂ ಹತ್ತಿದ್ರೇನು? ಇನ್ನ ಸಾಲಿ ಮಕ್ಕಳ ಗತಿ ಏನು?" ಎಂದಳು. ಆದರೆ ನಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ನನ್ನೆದುರು ಕೂತು ಗೂಟಕ್ಕೆ ಕೈ ಹಾಕಿದಳು. "ಬಿಡ್ರಿ, ಬೊಬ್ಬಿ ಬಂದಾವು. ನಿತ್ಯ ಈ ಹೊತ್ತು ನಂದು. ನನ್ನ ನಂತರ ಗೌರಮ್ಮ ಬರ್ತಾಳ." ಕಲ್ಲು ನಿಲ್ಲದಂತೆ ಅವಳ ಕೈಗೆ ದಾಟಿಸಿ ಎದ್ದೆ.

ಆಮೇಲೂ ಆ ಹಾದಿಯಲ್ಲಿ ಹೋದಾಗಲೆಲ್ಲ ಒಳಗೆ ಹೋಗಿ ಕೂತದ್ದುಂಟು. ಎಂಬತ್ತೇಳರಲ್ಲಿ ನನಗೆ ಹಡಗಲಿಯ ಕಡೆಗೆ ವರ್ಗವಾಯಿತು. ಮುಂದಿನ ವರ್ಷ ಹೊನ್ನಮ್ಮ ತೀರಿಕೊಂಡಳು. ಸುದ್ದಿ ತಿಳಿದು ಮಣ್ಣಿಗೆ ಬಂದೆ. ಸಂಜೆ ಮಣ್ಣು ಮುಗಿಸಿ ಎಲ್ಲರೂ ಹೆದ್ದಾರಿಯ ಕಡೆ ನಡೆದೆವು. ಮನೆ ಅವಳ ಗಂಡನ ಕಡೆಯವರ ಪಾಲಾಯಿತು. ಬೀಸುಕಲ್ಲಿನ ಮೇಲಿನ ಹೋಳು ಈಗ ಆ ಮನೆಯ ಬಚ್ಚಲ ಬಾಯಲ್ಲಿ ಬಟ್ಟೆ ಒಗೆಯಲು ಹಾಕಿದೆ. ನಾನು ನೋಡಿದ್ದೇನೆ.

ಆ ಸಂಜೆ ಪರದೆಯ ಹಿಂದೆ ಹೊನ್ನಮ್ಮನ ಹತ್ತಿರ ಕೂತವರಲ್ಲಿ ನನಗೆ ತಿಳಿದಂತೆ ಈಗ ಬದುಕಿರುವವರು ಇಬ್ಬರು. ಗೌರಮ್ಮ ಕೊಟ್ಟೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಖಾದರ್‌ಬಿ ಕಾನಹೊಸಹಳ್ಳಿಯಲ್ಲೇ ಇದ್ದಾಳೆ, ಕಣ್ಣು ಹೋಗಿವೆ. ಇದನ್ನು ಬರೆಯುವ ಮುಂಚೆ ಇಬ್ಬರನ್ನೂ ಕಂಡು ಮಾತಾಡಿಸಿದೆ. ಕಂಡದ್ದರಲ್ಲಿ ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ವ್ಯತ್ಯಾಸವಿಲ್ಲ. ಅದು ಏನೆಂದು ಅವರೂ ಹೇಳಲಾರರು. ನಾನೂ ಹೇಳಲಾರೆ.

ಖಾದರ್‌ಬಿ ನನ್ನ ಕೈ ಹಿಡಿದುಕೊಂಡು ಅಂಗೈ ಸವರಿದಳು. "ಒಂದು ಮಾತು ಕೇಳ್ಲೇನ್ರಿ ಮಾಸ್ತರ? ಹೊನ್ನಮ್ಮ ಹ್ವಾದ ದಿನ, ಸಂಜೀಲೆ, ಕಲ್ಲು ನೀವು ತಿರುವಿದ್ರಿ ಹೌದಲ್ರಿ?"

"ಇಲ್ಲ ಖಾದರ್‌ಬಿ. ನೀನು ತಿರುವಿರ್ತಿ ಅಂದುಕೊಂಡಿದ್ದೆ."

"ನಾ ಗೌರಮ್ಮ ಅನ್ಕಂಡಿದ್ದೆ" ಎಂದಳು.

ಗೌರಮ್ಮನನ್ನು ನಾನು ಅದಕ್ಕೂ ಮುಂಚೆಯೇ ಕೇಳಿದ್ದೆ. ಅವಳು ಖಾದರ್‌ಬಿಯ ಹೆಸರು ಹೇಳಿದ್ದಳು.